ಕೂಪಿನ ದಾರಿಯಲ್ಲಿ ಅಮ್ಮ

ಅವತ್ತು ಮಳೆ ಬರುತ್ತಿತ್ತೋ ಇಲ್ಲವೋ, ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೂ ಹಸಿ ಮಣ್ಣಿನ ಜೊತೆ ಡೀಸೆಲ್ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನವೇ ಕಣ್ಣ ಮುಂದೆ ಬರುತ್ತದೆ.

ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಒಲೆಗೆ ಸೌದೆ ತರಲು ಅಪ್ಪ, ಅಮ್ಮ, ಚಿಕ್ಕ ಕೂಸಾಗಿದ್ದ ನಾನು ಜೀಪಿನಲ್ಲಿ ಅರಕಲಗೂಡಿನಿಂದ ಹೊರಟು, ಮರ ಸಾಗಿಸುವ ಕೂಪಿನ ದಾರಿ ಹಿಡಿದಿದ್ದೆವು. ಏರಿನ ಕೆಸರಿನಲ್ಲಿ ಜೀಪು ಹಳ್ಳದ ಕಡೆಗೆ ಹಿಂದಕ್ಕೆ ಜಾರಿತು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಕೊಡುವ ಫೋರ್‌ವೀಲ್ ಲಿವರನ್ನು ಅಪ್ಪ ಎಳೆದರೂ ಮುಂದಿನ ಚಕ್ರಗಳಿಗೆ ಎಳೆತ ಬರಲಿಲ್ಲ.

"ಕೂಸ್ನ ಎತ್ಕಂಡು ಇಳ್ಕಳೇ!" ಎಂದರು.

"ಚಕ್ರದ ಲಾಕು ತಿರುಗಿಸ್ದೆ ಲಿವರ್ ಎಳುದ್ರೆ ಏನ್ ಬಂತು? ಬ್ರೇಕ್ ಬುಡ್ಬ್ಯಾಡಿ," ಎಂದಳು ಅಮ್ಮ. ಸೆರಗು ಸಿಕ್ಕಿಸಿ ಇಳಿದು, ಮುಂದಿನ ಒಂದೊಂದು ಚಕ್ರದ ನಟ್ಟನಡುವೆ ಇದ್ದ ಲಾಕಿನ ಬಿರಡೆ ತಿರುಗಿಸಿದಳು. ಜೀಪು ಗುರುಗುಟ್ಟುತ್ತಾ ಏರಿ ನಿಂತಿತು. ಅಪ್ಪ ಬೆವರು ಒರೆಸಿಕೊಂಡು ನಕ್ಕೇಬಿಟ್ಟರು. ಅಲ್ಲಿಯವರೆಗೆ ಬಿಗಿಯಾಗಿ ಹಿಡಿದಿದ್ದ ಜೀಪಿನ ಕಂಬಿಯನ್ನು ನಾನು ಬಿಟ್ಟೆ.

ಅವತ್ತು ಕೇಳಿದಾಗ ಅಮ್ಮ ಹೇಳದೇ ಹೋದದ್ದನ್ನೇ ಮೊನ್ನೆಯೂ ಕೇಳಿದೆ: "ಅಮ್ಮ, ನಿಂಗೆ ಜೀಪು ಕಲಿಸಿದ್ದು ಯಾರು?"