ವಾಸನಿ ಬ್ಯಾನಿ

ಫಿನೈಲಿನ ಬಾಟಲಿ ಗೋಡೆಗೆ ಬಡಿದು ಚೂರಾಗುವಷ್ಟರಲ್ಲಿ ರೇಣವ್ವ ಸೊಸೆಯ ತುರುಬು ಹಿಡಿದಿದ್ದಳು. ಪ್ರಜ್ಞಾಳ ಹಣೆ ಬಾಗಿಲ ಚೌಕಟ್ಟಿಗೆ ಅಪ್ಪಳಿಸಿತು. ಹುಬ್ಬಿನ ಮೇಲಿಂದ ರಕ್ತ ಇಳಿಯಿತು. ಅವಳು ಅಳಲಿಲ್ಲ. ಸೆರಗನ್ನು ಮೂಗಿಗೊತ್ತಿ ಕೆಮ್ಮತೊಡಗಿದಳು.

“ಮತ್ತ ಶುರುವಾತು ನಾಟಕ!” ರೇಣವ್ವ ಕೂಗಿದಳು. “ಖಾರ ಕುಟ್ಟುವಾಗ ಒಂದ ಸೀನ ಬರಂಗಿಲ್ಲ. ಮುಚ್ಚಳಾ ಹಾಕಿದ ಬಾಟ್ಲಿ ಕಂಡ್ರ ಉಸರ ಕಟ್ಟತೈತಿ ಈಕಿಗಿ!”

ದೇವಣಗಾಂವದ ಆ ಮನೆಗೆ ಈ ಜಗಳ ಹೊಸದಲ್ಲ. ಹಿಂದಿನ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಮಗುಚಿ ಕಿರಿಯ ಮಗ ಭೀಮು ಸತ್ತಿದ್ದ. ಅಂದಿನಿಂದ ರೇಣವ್ವನ ಕೈ ಬಾಯಿಗಿಂತ ಮೊದಲು ಏಳುತ್ತಿತ್ತು. ಸೊಸೆಗೆ ವಾಸನೆಯ ಈ ಬೇನೆ ಹತ್ತಿದ್ದೂ ಅದೇ ದಿನಗಳಲ್ಲಿ.

ಗಂಡ ಅನಿಲಕುಮಾರ ಸಿಂದಗಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ಅವನು ಹೆಂಡತಿಯನ್ನು ನಂಬಿದ. ಕೆಲವರ ದೇಹ ರಾಸಾಯನಿಕಗಳಿಗೆ ಹೀಗೆ ತಿರುಗಿಬೀಳುತ್ತದೆ. ಉಳಿದವರಿಗೆ ಏನೂ ಅನಿಸದಷ್ಟು ಅಲ್ಪ ವಾಸನೆಯೂ ಅವರಿಗೆ ತಲೆಶೂಲೆ, ಉಬ್ಬಸ ತರುತ್ತದೆ. ಈ ಬೇನೆ ಆಸ್ಪತ್ರೆಯ ಪರೀಕ್ಷೆಗಳಿಗೆ ಸುಲಭವಾಗಿ ಸಿಗುವುದೂ ಇಲ್ಲ ಎಂದು ತಂದೆ ಧರೆಪ್ಪನಿಗೆ ಬಿಡಿಸಿ ಹೇಳಿದ. ಉಪಾಯ ಒಂದೇ. ಮನೆಯೊಳಗಿನ ವಿಷ ಮನೆಯಾಚೆ ಹೋಗಬೇಕು.

ಪ್ರಜ್ಞಾ ಅದನ್ನು ಹಟಕ್ಕೆ ಬಿದ್ದು ಮಾಡಿದಳು. ಇಲಿ ಪಾಷಾಣ ಮೊದಲು ಹೋಯಿತು. ಬಚ್ಚಲು ತೊಳೆಯುವ ಆ್ಯಸಿಡ್, ಕೂದಲಿಗೆ ಹಚ್ಚುವ ಕರಿ ಪುಡಿ, ಅಟ್ಟದ ಮೇಲಿನ ಕಳೆನಾಶಕ ಹಿಂದೆಯೇ ಹೋದವು. ತೊಗರಿಗೆ ಹುಳ ಬೀಳದಂತೆ ಚೀಲದಲ್ಲಿಡುವ ಗುಳಿಗೆಗಳನ್ನೂ ಬಿಡಲಿಲ್ಲ. ಬದಲಿಗೆ ಹಳೆಯ ಕಾಲದವರಂತೆ ಕಾಳಿಗೆ ಕೆಮ್ಮಣ್ಣು ಹಚ್ಚಿ, ಬಿಸಿಲಿಗೆ ಒಣಗಿಸಿ, ಬೇವಿನ ಎಲೆ ಹರವಿ ತುಂಬಿದಳು. ಬೆರಳ ಸಂದಿಗಳು ಬಿರಿದವು. ಊದಿನಕಡ್ಡಿಗೂ ಒಲೆಯ ಹೊಗೆಗೂ ಮಾತ್ರ ಅವಳ ತಕರಾರಿರಲಿಲ್ಲ. ಗಂಡ ಅದನ್ನು ಗಮನಿಸಿದ, ಕೇಳಲಿಲ್ಲ.

ರೇಣವ್ವ ಸೋಲುವ ಹೆಂಗಸಲ್ಲ. ಸಂತೆಗೆ ಹೋದಾಗಲೆಲ್ಲ ಏನಾದರೊಂದನ್ನು ಸೆರಗಿನಡಿ ಮುಚ್ಚಿ ತರುತ್ತಿದ್ದಳು. ಹಿಟ್ಟಿನ ಡಬ್ಬಿಯಲ್ಲಿ, ಕೌದಿಯ ಮಡಿಕೆಯಲ್ಲಿ, ಸೊಸೆಯ ಕಣ್ಣು ತಪ್ಪುವಲ್ಲಿ ಅಡಗಿಸುತ್ತಿದ್ದಳು. ಪ್ರಜ್ಞಾ ಹುಡುಕಿ ತೆಗೆಯುತ್ತಿದ್ದಳು. ಆಗ ಬಡಿಗೆ ಏಳುತ್ತಿತ್ತು. ಒಮ್ಮೆ ಸೊಸೆಯ ಕಿರುಬೆರಳು ಮುರಿಯಿತು. ಮುದುಕಿ ಸೊಸೆಯನ್ನು ಕೊಂದೇ ತೀರುತ್ತಾಳೆ ಎಂದು ಓಣಿಯೇ ಮಾತಾಡಿಕೊಂಡಿತು.

ಹಣೆಯ ರಕ್ತ ಕಂಡ ಆ ದಿನ ಧರೆಪ್ಪನ ತಾಳ್ಮೆ ಮುಗಿಯಿತು. ಎಲ್ಲರನ್ನೂ ಪಡಸಾಲೆಗೆ ಕರೆದ.

“ತಂಗಿ, ಸಿಂದಗ್ಯಾಗ ಬಾಡಿಗಿ ಮನಿ ಹಿಡೀರಿ. ನೀ, ಅನಿಲ ಹೋಗಿ ಅಲ್ಲೇ ಇರ್ರಿ. ಆರಾಮ ಉಸರಾಡು.”

“ಬ್ಯಾಡ್ರಿ ಮಾವಾರ. ನಾ ಇಲ್ಲೇ ಇರತೇನಿ.”

“ನೋಡಿದ್ರ್ಯಾ?” ರೇಣವ್ವ ನೆಲ ಗುದ್ದಿದಳು. “ಮಲಗಿದ್ರ ಮಗ್ಗಲದಾಗ ಮಲಗತಾಳ. ಬಾವಿಗಿ ಹ್ವಾದ್ರ ಬೆನ್ನ ಹಿಂದ ಬರತಾಳ. ಪೊಲೀಸರಂಗ ಬೆನ್ನ ಹತ್ಯಾಳ! ಈಕಿ ಇರೂತನಕ ನನಗ ಬಿಡುಗಡಿ ಇಲ್ಲ.”

ಧರೆಪ್ಪ ಸೊಸೆಯತ್ತ ತಿರುಗಿದ. “ಖರೇ ಹೇಳವ್ವ. ಯಾವಾಗ ಹತ್ತಿತು ಈ ಬ್ಯಾನಿ? ಏನಾಗಿತ್ತು?”

“ಅತ್ತಿಯವ್ರಿಗಿ ಗೊತ್ತೈತ್ರಿ.”

“ನನ್ನ ಹೆಸರ ತಗದಿ ಅಂದ್ರ ನಾಲಿಗಿ ಸೀಳತೇನಿ!”

ಪ್ರಜ್ಞಾ ತಲೆ ತಗ್ಗಿಸಿದಳು. ಅನಿಲಕುಮಾರನೊಳಗೆ ಇಷ್ಟು ದಿನ ಅದುಮಿಟ್ಟ ಸಂಶಯ ಆಗ ಹೊರಬಂತು. “ಮುಚ್ಚಿದ ಬಾಟ್ಲಿಗಿ ಕೆಮ್ಮ ಹ್ಯಾಂಗ ಬರತೈತಿ, ಪ್ರಜ್ಞಾ? ನಾ ಸಾಲ್ಯಾಗ ಹುಡುಗರಿಗಿ ಪಾಠಾ ಹೇಳಾಂವ. ನನಗೂ ಹುಚ್ಚ ಹಿಡಸೀ ಏನ?”

ಧರೆಪ್ಪ ಎದ್ದು ಹೋಗಿ ಬೈಕಿನ ಚೀಲದಲ್ಲಿದ್ದ, ತೊಗರಿಗೆ ಹೊಡೆಯುವ ಹೊಸ ಔಷಧದ ಡಬ್ಬ ತಂದು ನಡುಮನೆಯ ಗೂಡಿನಲ್ಲಿಟ್ಟ.

“ಇದು ಇಲ್ಲೇ ಇರತೈತಿ. ತಡಕೊಂಡ್ರ ಇರು. ಇಲ್ಲಾಂದ್ರ ತವರಿಗಿ ನಡಿ. ನನ್ನ ಮನ್ಯಾಗ ಇನ್ನ ಈ ಹೊಡದಾಟ ಬ್ಯಾಡ.”

ಎಷ್ಟೋ ತಿಂಗಳ ಮೇಲೆ ರೇಣವ್ವ ನಕ್ಕಳು. “ಇರಲಿ ಬಿಡ್ರಿ. ಅಲ್ಲೇ ಇರಲಿ.”

ಆ ನಗು ಕಂಡದ್ದೇ ತಡ, ಪ್ರಜ್ಞಾ ಗೂಡಿಗೆ ಹಾರಿದಳು. ರೇಣವ್ವ ಅವಳಿಗಿಂತ ಚುರುಕಾಗಿದ್ದಳು. ಎರಡು ಜೋಡಿ ಕೈ ಒಂದು ಡಬ್ಬಕ್ಕೆ ಜಗ್ಗಾಡಿದವು. ರೇಣವ್ವ ಸೊಸೆಯ ಮುಂಗೈಗೆ ಹಲ್ಲೂರಿದಳು. ಬಿರಡೆ ಕಳಚಿತು. ಔಷಧ ನೆಲದ ಫರ್ಸಿ ಕಲ್ಲಿನ ಮೇಲೆಲ್ಲ ಹರಿಯಿತು. ಇಬ್ಬರೂ ಅದರಲ್ಲೇ ಜಾರಿ ಬಿದ್ದರು.

ಅನಿಲಕುಮಾರ ಓಡಿ ಬಂದಾಗ ಹೆಂಡತಿ ತಾಯಿಯ ಎದೆಯ ಮೇಲೆ ಮಂಡಿಯೂರಿ ಕುಳಿತಿದ್ದಳು. ಕೈ ಗಂಟಲ ಬಳಿ ಇತ್ತು. ತಾಯಿ ಕಾಲು ಬಡಿಯುತ್ತಿದ್ದಳು.

“ಬಿಡ! ನಮ್ಮವ್ವನ್ನ ಕೊಲ್ಲತೀ ಏನ?”

ಅವನು ಬಾಗಿಲ ಅಗುಳಿ ಕಿತ್ತು ಬೀಸಿದ. ಬೆನ್ನಿಗೆ ಬಿತ್ತು. ಮತ್ತೆ ಬೀಸಿದ. ಭುಜದಲ್ಲಿ ಏನೋ ಲಟಕ್ಕೆಂದಿತು. ಪ್ರಜ್ಞಾ ನರಳಿದಳು, ಕೈ ಸಡಿಲಿಸಲಿಲ್ಲ. ಕಟು ವಾಸನೆ ಮನೆ ತುಂಬಿತು. ಧರೆಪ್ಪ ಗೋಡೆ ಹಿಡಿದು ಕೆಮ್ಮಿದ. ಅನಿಲಕುಮಾರನ ಕಣ್ಣಲ್ಲಿ ನೀರು ಸುರಿಯಿತು, ಎದೆ ಕಿತ್ತು ಬರುವಂತೆ ಅವನೂ ಕೆಮ್ಮಿದ.

ಕೆಮ್ಮದೆ ಇದ್ದವಳು ಪ್ರಜ್ಞಾ ಒಬ್ಬಳೇ.

ಎತ್ತಿದ ಅಗುಳಿ ಗಾಳಿಯಲ್ಲೇ ನಿಂತಿತು. ಅವಳ ಕೈ ಗಂಟಲ ಮೇಲಿರಲಿಲ್ಲ. ತಾಯಿಯ ಬಾಯಿಯನ್ನು ಮುಚ್ಚಿ ಹಿಡಿದಿತ್ತು. ಇನ್ನೊಂದು ಕೈ, ಔಷಧ ಸೋರುತ್ತಿದ್ದ ತಾಯಿಯ ಅಂಗೈ ಆ ಬಾಯಿಗೆ ಮುಟ್ಟದಂತೆ ನೆಲಕ್ಕೆ ಒತ್ತಿ ಹಿಡಿದಿತ್ತು.

“ಬಿಡ ನನ್ನವ್ವ,” ಸೊಸೆಯ ಬೆರಳ ಸಂದಿಯಿಂದ ರೇಣವ್ವನ ಅಳು ಬಂತು. “ಇನ್ನ ಎಷ್ಟ ಸಲ ಉಳಸ್ತೀ ನನ್ನ?”