ಲೆಕ್ಕಕ್ಕಿಲ್ಲದ ಕಾಲು

“ಆ ಕಾಲು ಬಿಚ್ಚಿಟ್ಟು ಬರ್ಲಿ. ಇಲ್ಲಾಂದ್ರೆ ಆಟಾನೇ ಬ್ಯಾಡ!”

ಹುಲ್ಲಹಳ್ಳಿ ತಂಡದ ನಾಯಕ ಮಲ್ಲಿಕಾರ್ಜುನ್ ಅಂಕಣದ ನಡುವೆ ನಿಂತು ಕೂಗಿದ. ನರಸೀಪುರದ ಮೈದಾನದಲ್ಲಿ ಕಬಡ್ಡಿ ಫೈನಲ್ ಇಷ್ಟೊತ್ತಿಗೆ ಶುರುವಾಗಬೇಕಿತ್ತು. ಎದುರಿಗೆ ಬನ್ನೂರಿನ ಗುರು. ಕಬ್ಬಿನ ಟ್ರ್ಯಾಕ್ಟರ್ ಹರಿದು ಎಡಗಾಲು ಮಂಡಿಯಿಂದ ಕೆಳಗೆ ಹೋಗಿತ್ತು. ಅಲ್ಲೀಗ ಫೈಬರ್ ಕಾಲು. ಇವತ್ತು ಗೆದ್ದರೆ ಜಿಲ್ಲಾ ತಂಡದಲ್ಲಿ ಜಾಗ. ಸೋತರೆ, ಒಂಟಿಕಾಲಿನವನಿಗೆ ಇನ್ನೊಂದು ಅವಕಾಶ ಯಾವನು ಕೊಡುತ್ತಾನೆ?

“ಸ್ಪ್ರಿಂಗು ಕಣ್ರೀ ಅದು! ನಮಗಿಂತ ಎರಡು ಗೇಣು ಜಾಸ್ತಿ ನೆಗೀತಾನೆ. ನ್ಯಾಯ ಅನ್ನೋದು ಬ್ಯಾಡ್ವಾ?”

ಅಂಪೈರ್ ಗಂಗಾಧರಸ್ವಾಮಿಯವರಿಗೆ ತಲೆ ಚಿಟ್ಟು ಹಿಡಿಯಿತು. “ಕಾಲು ಬಿಚ್ಚಿಸೋಕಾಗಲ್ಲ. ಬೇರೆ ಷರತ್ತಿದ್ದರೆ ಬರೆದುಕೊಡಿ. ಎರಡೂ ಕಡೆಯವರು ರುಜು ಹಾಕಿ.”

ತಾಲ್ಲೂಕು ಕಚೇರಿ ಮುಂದೆ ಅರ್ಜಿ ಬರೆದುಕೊಡುವ ರೋಜಾ ಮೈದಾನದ ಅಂಚಿನಲ್ಲೇ ಕೂತಿದ್ದಳು. ಮಲ್ಲಿಕಾರ್ಜುನ್ ಅವಳನ್ನು ಕರೆದ. “ಆ ಕುಂಟನ ಕಾಲು ಮೈಯಲ್ಲ ಅಂತ ಬರಿಯಮ್ಮ. ಅದು ನಮ್ಮೋರಿಗೆ ತಾಗಿದ್ರೆ ಪಾಯಿಂಟಿಲ್ಲ.”

“ಎಲ್ಲೂ ಸಂದು ಬಿಡದಂಗೆ ಬರೀಲಾ ಸಾ?”

“ಸೂಜಿಮೊನೆನೂ ತೂರ್ಬಾರ್ದು, ನೋಡು!”

ಅವಳು ಯಾರನ್ನೂ ಕೇಳದೆ ‘ಗುರು ಬಿನ್ ನಿಂಗರಾಜು’ ಎಂದು ಶುರುಮಾಡಿ ಸರಸರ ಬರೆದು ಮುಗಿಸಿದಳು. ಮಲ್ಲಿಕಾರ್ಜುನ್ ಮೊದಲೆರಡು ಸಾಲು ಓದಿ ರುಜು ಜಡಿದ. ಗುರು ಓದದೆಯೇ ಹಾಕಿದ.

“ಓದಕ್ಕೂ ಬರಲ್ವೇನೋ ನನ್ಮಗಂಗೆ!” ಹುಲ್ಲಹಳ್ಳಿಯವರು ಕಿಸಕ್ಕನೆ ನಕ್ಕರು.

ಆಟವಲ್ಲ ಅದು, ಹಗೆ. ಗುರುವಿನ ಫೈಬರ್ ಪಾದ ಮೂರು ಸಲ ಎದುರಾಳಿಗಳಿಗೆ ತಾಗಿತು. ಮೂರು ಪಾಯಿಂಟೂ ಮಣ್ಣುಪಾಲು. “ಮರದ ತುಂಡು ತಾಗ್ತು ಕಣ್ಲಾ!” ಎಂದು ಅಣಕಿಸಿದರು. ಅವನು ಅಂಗೈಗೆ ಮಣ್ಣು ಉಜ್ಜಿಕೊಂಡು ಮತ್ತೆ ರೈಡಿಗೆ ಹೊರಟ.

ಕೊನೆಯ ರೈಡ್. ಎರಡೂ ಕಡೆ ಇಪ್ಪತ್ತೇಳು. ಗುರು ಕೈಬೀಸಿ ಮಲ್ಲಿಕಾರ್ಜುನನ ಭುಜ ಮುಟ್ಟಿ ತಿರುಗಿದ. ಮಲ್ಲಿಕಾರ್ಜುನ್ ಹಾರಿ ಆ ಎಡಗಾಲನ್ನೇ ತಬ್ಬಿಕೊಂಡ.

“ಸಿಕ್ದ ನನ್ಮಗ!”

ಗುರು ಉಸಿರು ಬಿಡದೆ ಬಗ್ಗಿ, ಮಂಡಿಯ ಕೆಳಗಿನ ಗುಂಡಿ ಒತ್ತಿದ. ಕಾಲು ಕಳಚಿತು. ಅವನು ಮುಂದಕ್ಕೆ ಬಿದ್ದ. ಚಾಚಿದ ಕೈ ನಡುಗೆರೆ ಮುಟ್ಟಿತು.

“ಔಟ್! ಕಾಲು ನನ್ ಕೈಲೈತೆ!”

ಅಂಪೈರ್ ಜೇಬಿನಿಂದ ಕಾಗದ ತೆಗೆದು ಗಟ್ಟಿಯಾಗಿ ಓದಿದರು. “ಸದರಿ ಕಾಲು ಆಟಗಾರನ ದೇಹವಲ್ಲ. ಅದು ತಾಗಿದರೂ ತಾಗಿದಂತಲ್ಲ. ಅದನ್ನು ಹಿಡಿದರೂ ಹಿಡಿದಂತಲ್ಲ.” ಸೀಟಿ ಊದಿದರು. “ಬನ್ನೂರಿಗೆ ಒಂದು ಪಾಯಿಂಟ್.”

“ಕೊನೇ ಸಾಲು ನಾನು ಯೇಳೇ ಇಲ್ಲ!” ಮಲ್ಲಿಕಾರ್ಜುನ್ ಕಾಲು ತಬ್ಬಿಕೊಂಡೇ ಅರಚಿದ.

ರೋಜಾ ಅಂಕಣದೊಳಕ್ಕೆ ಬಂದು ಕೈಚಾಚಿದಳು. “ಕಾಲು ಕೊಡಿ ಸಾ, ನಮ್ಮೆಜಮಾನ್ರು ಮನೆಗೆ ನಡ್ಕಂಡು ಬರ್ಬೇಕು.”