ಹಳೆಯ ಡಿಸ್ಕಿನಲ್ಲಿದ್ದ ಕಾದಂಬರಿ

ಹದಿನಾಲ್ಕು ವರ್ಷಗಳಿಂದ ಮೇಷ್ಟರು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದದ್ದು ಒಂದೇ ಮಾತು: ‘ನನ್ನ ಕಾದಂಬರಿ ಆ ಹಾಳು ಕಂಪ್ಯೂಟರಿನ ಜೊತೆ ಹೋಯ್ತು. ಇಲ್ಲದಿದ್ರೆ ಇವತ್ತು ನಾನಿರೋ ಜಾಗವೇ ಬೇರೆ!’ ಅವರೆದುರು ಇನ್ನೊಬ್ಬರ ಪುಸ್ತಕ ಹೊಗಳುವ ಧೈರ್ಯ ಯಾರಿಗೂ ಇರಲಿಲ್ಲ.

ಕೇಳಿ ಕೇಳಿ ಬೇಸತ್ತ ಹೆಂಡತಿ, ಮನೆಗೆ ಹೊಸ ಕಂಪ್ಯೂಟರ್ ಬಂದದ್ದೇ ತಡ, ಅದನ್ನೂ ಅಟ್ಟದ ಮೇಲಿದ್ದ ಹಳೆಯದನ್ನೂ ಆಟೋದಲ್ಲಿ ಹೇರಿ ಗಂಡನನ್ನು ರಿಪೇರಿ ಅಂಗಡಿಗೆ ಅಟ್ಟಿದರು.

ಅಂಗಡಿಯ ಫರೀದಾ ಹಳೆಯದರ ಹಾರ್ಡ್ ಡಿಸ್ಕ್ ಬಿಚ್ಚಿ ಹೊಸದಕ್ಕೆ ಜೋಡಿಸಿದಳು. ಡಿಸ್ಕು ಗೊರಗೊರ ಎಂದು ತಿರುಗಿತು. ಕಾದಂಬರಿಯ ಫೈಲೂ ತೆರೆಯಿತು. ಪರದೆಯ ತುಂಬ ತಲೆಗೆ ಟೋಪಿ, ಕಾಲಿಗೆ ಬಾಲ ಅಂಟಿಸಿಕೊಂಡ ಇಂಗ್ಲಿಷ್ ಅಕ್ಷರಗಳು.

‘ಒಂದಕ್ಷರಾನೂ ಓದೋಕಾಗ್ತಿಲ್ಲ ಸಾರ್,’ ಎಂದಳು ಫರೀದಾ.

ಮೇಷ್ಟರು ಪರದೆಗೆ ಮೂಗು ತಾಗುವಷ್ಟು ಬಾಗಿದರು. ‘ನನ್ನ ಇಡೀ ಬದುಕೇ ಅದರಲ್ಲಿದೆ ಕಣಮ್ಮ.’

‘ಗಾಬರಿಯಾಗ್ಬೇಡಿ. ಆಗಿನ ಕನ್ನಡ ಫಾಂಟು ಈ ಕಂಪ್ಯೂಟರಲ್ಲಿಲ್ಲ, ಅಷ್ಟೇ. ಹಾಕ್ಕೊಡ್ತೀನಿ.’

ಐದೇ ನಿಮಿಷಕ್ಕೆ ಟೋಪಿ, ಬಾಲಗಳೆಲ್ಲ ಮಾಯವಾಗಿ ದುಂಡನೆಯ ಕನ್ನಡ ಮೂಡಿತು. ಮೇಷ್ಟರು ಕನ್ನಡಕ ಒರೆಸಿಕೊಂಡು ಮೊದಲ ಪುಟ ಓದಿದರು. ಹುಬ್ಬು ಗಂಟಿಕ್ಕಿ ನಡುವಿನದೊಂದು ಪುಟ ಓದಿದರು. ಕೊನೆಯ ಪುಟದಲ್ಲಿ ನಾಲ್ಕು ಸಾಲಿಗೇ ನಿಂತುಬಿಟ್ಟರು.

ಅಷ್ಟರಲ್ಲಿ ಹೆಂಡತಿಯ ಫೋನು.

‘ಸಿಕ್ತೇನ್ರೀ ನಿಮ್ಮ ಕಾದಂಬರಿ?’

‘ಸಿಕ್ತು ಕಣೇ,’ ಎಂದರು ಮೇಷ್ಟರು. ‘ಆದ್ರೆ ಒಂದಕ್ಷರಾನೂ ಓದೋಕಾಗ್ತಿಲ್ಲ.’